ಕಾಲು ತಟ್ಟೆ ಅನ್ನಕ್ಕೆ ಅರ್ಧ ಇಂಚು ಮಾರ್ಜಿನ್

ಹೆಂಡತಿ: ಇನ್ನೂರ ಮೂವತ್ತೆಂಟು! ನೋಡಿ, ಕಣ್ಣು ಬಿಟ್ಟು ನೋಡಿ. ಇದೇನು ಸಕ್ಕರೆ ಅಂಕಿನೋ, ಬಸ್ಸಿನ ನಂಬರೋ?

ಟೈಲರ್: ಮಷೀನು ಕೆಟ್ಟಿದೆ ಕಣೇ.

ಹೆಂಡತಿ: ನಿನ್ನೇನೂ ಮಷೀನು ಕೆಟ್ಟಿತ್ತು. ಮೊನ್ನೆ ಬೆರಳು ಸರಿಯಿರಲಿಲ್ಲ. ಅದರ ಹಿಂದಿನ ದಿನ ರಕ್ತ ಹಚ್ಚೋ ಪಟ್ಟಿ ಹಳೇದು. ನಿಮ್ಮ ನಾಲಗೆ ಒಂದನ್ನ ಬಿಟ್ಟು ಈ ಮನೇಲಿ ಎಲ್ಲಾ ಕೆಟ್ಟಿದೆ, ಅಲ್ವಾ?

ಟೈಲರ್: ನಾಲಗೆ ಪಾಪ ಏನು ಮಾಡ್ತು? ಮೂರು ತಿಂಗಳಿಂದ ಅದು ಸನ್ಯಾಸ ತಗೊಂಡಿದೆ.

ಹೊಲಿಗೆ ಅಂಗಡಿಯ ಬೆನ್ನಿಗೇ ಅಂಟಿಕೊಂಡ ಮನೆ. ನಡುವೆ ಬಾಗಿಲಿರಬೇಕಾದ ಕಡೆ ಒಂದು ಹೂವಿನ ಪರದೆ. ಪರದೆಯ ಆಚೆ ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ; ಈಚೆ ಒಲೆ, ಪಾತ್ರೆ, ತರಕಾರಿ ಬುಟ್ಟಿ. ಮಧ್ಯಾಹ್ನದ ಊಟವಾಗಿ ಸರಿಯಾಗಿ ಎರಡು ಗಂಟೆ ಕಳೆದಿತ್ತು. ಹೊಲಿಗೆ ಮಷೀನಿನ ಪಕ್ಕದಲ್ಲಿ ಸಕ್ಕರೆ ನೋಡುವ ಪುಟ್ಟ ಮಷೀನು, ದೊಡ್ಡದಕ್ಕೆ ಹುಟ್ಟಿದ ಮರಿಯ ಹಾಗೆ ಕುಳಿತು ಮಿಣಮಿಣ ಅನ್ನುತ್ತಿತ್ತು.

ಡಾಕ್ಟರಮ್ಮ ಹೇಳಿ ಕಳಿಸಿದ್ದು ಇಷ್ಟೇ: ಇನ್ನು ಹದಿನೈದು ದಿನ ನೋಡೋಣ, ಊಟದ ನಂತರದ ಅಂಕಿ ನೂರ ಎಂಬತ್ತರ ಒಳಗೆ ಬರದಿದ್ದರೆ ಇಂಜೆಕ್ಷನ್ ಶುರು. ಅಷ್ಟು ಕೇಳಿದ್ದೇ ತಡ, ಟೈಲರ್ ಕುರ್ಚಿಯಲ್ಲೇ ಬೆವತುಹೋಗಿದ್ದ. ಮೂವತ್ತೈದು ವರ್ಷ ಸೂಜಿ ಹಿಡಿದೇ ಬದುಕಿದ ಮನುಷ್ಯ, ಸೂಜಿಯ ಚೂಪು ತನ್ನ ಕಡೆ ತಿರುಗುವುದನ್ನು ಮಾತ್ರ ಸಹಿಸಲಾರ. ಆದರೆ ಹೆಂಡತಿಯ ಎದೆಯಲ್ಲಿದ್ದ ಚಿಂತೆ ಬೇರೆಯೇ. ಒಂದು ತಿಂಗಳಿಂದ ಅವನು "ಲೇ, ಸ್ವಲ್ಪ ಬಾ, ಕೈ ಖಾಲಿ ಇಲ್ಲ, ಈ ದಾರ ಪೋಣಿಸಿ ಹೋಗು" ಎಂದು ಕರೆಯುತ್ತಿದ್ದ. ಅವಳು ಬಂದು ನೋಡಿದರೆ ಅವನ ಎರಡೂ ಕೈ ಖಾಲಿಯೇ ಇರುತ್ತಿದ್ದವು. ಅವಳು ಏನೂ ಕೇಳದೆ ಪೋಣಿಸಿ ಬರುತ್ತಿದ್ದಳು. ಕಣ್ಣು ಹೋದ ಟೈಲರಿಗೆ ಏನು ಉಳಿಯುತ್ತದೆ ಹೇಳಿ.

ಹೆಂಡತಿ: ಆಯ್ತು, ಸನ್ಯಾಸಿಗಳೇ, ಚಾರ್ಟು ಗೋಡೆ ಮೇಲಿದೆ. ಏಳು ದಿನದ್ದು, ಮೂರು ಹೊತ್ತಿಂದು. ಅದನ್ನ ಬರೆದು ಅಂಟಿಸೋಕೆ ನನಗೆ ಎರಡು ಮಧ್ಯಾಹ್ನ ಹಿಡೀತು. ಇವತ್ತು ಸೋಮವಾರ. ಮಧ್ಯಾಹ್ನಕ್ಕೆ ಏನಿದೆ, ಓದಿ.

ಟೈಲರ್: ಅರ್ಧ ತಟ್ಟೆ ತರಕಾರಿ. ಕಾಲು ತಟ್ಟೆ ಬೇಳೆ, ಇಲ್ಲಾಂದ್ರೆ ಮೊಟ್ಟೆ. ಕಾಲು ತಟ್ಟೆ ಅನ್ನ.

ಗೋಡೆಯ ಕಡೆ ತಿರುಗದೆಯೇ ಬಾಯಿಪಾಠ ಒಪ್ಪಿಸಿದ. ಅವಳು ಅದನ್ನೂ ಗಮನಿಸಿದಳು.

ಹೆಂಡತಿ: ತಿಂದಿದ್ದು?

ಟೈಲರ್: ಅದನ್ನೇ. ಗೆರೆ ಎಳೆದು ತಿಂದಿದೀನಿ.

ಹೆಂಡತಿ: ಮತ್ತೆ ಈ ಇನ್ನೂರ ಮೂವತ್ತೆಂಟು ಎಲ್ಲಿಂದ ಬಂತು? ಕಿಟಕಿಯಿಂದ ಹಾರಿ ಬಂತಾ? ಯಾವ ಗಿರಾಕಿ ಸ್ವೀಟ್ ಕೊಟ್ಟ, ಅದನ್ನ ಹೇಳಿ.

ಟೈಲರ್: ಯಾರೂ ಕೊಟ್ಟಿಲ್ಲ. ನೀನೇ ಬಾಗಿಲಲ್ಲಿ ಬೋರ್ಡ್ ಹಾಕಿದೀಯಲ್ಲ, "ಟೈಲರಿಗೆ ಸಿಹಿ ಕೊಡಬೇಡಿ" ಅಂತ. ಮೃಗಾಲಯದಲ್ಲಿ ಹಾಕಿದ ಹಾಗೆ. ಗಿರಾಕಿಗಳು ದೂರದಿಂದಲೇ ನೋಡಿ ಹೋಗ್ತಾರೆ.

ಒಂದು ಮೂಲೆಯಲ್ಲಿ, ಬಟ್ಟೆ ಹಾಕಿ ನೋಡಲೆಂದು ಅಡ್ಡ ಕಟ್ಟಿದ್ದ ಇನ್ನೊಂದು ಪರದೆಯ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು.

ಡ್ರೈವರ್: ಮಾಸ್ಟ್ರೇ, ನಾನು ಇನ್ನೂ ಒಳಗೇ ಇದೀನಿ. ಹೊರಗೆ ಬರ್ಲಾ, ಇಲ್ಲ ನಿಮ್ಮದು ಮುಗೀಲಿ ಅಂತ ಕಾಯ್ಲಾ?

ಹೆಂಡತಿ: ಬನ್ನಿ ಅಣ್ಣ, ಬನ್ನಿ. ನ್ಯಾಯ ಹೇಳೋಕೆ ಒಬ್ಬರು ಬೇಕಾಗಿತ್ತು.

ಬಸ್ ಡ್ರೈವರ್ ಹೊರಬಂದ. ಹೊಸ ಯೂನಿಫಾರಂ ಪ್ಯಾಂಟಿಗೆ ಇನ್ನೂ ಕಚ್ಚಾ ಹೊಲಿಗೆ. ಸೊಂಟದ ಸುತ್ತ ಗುಂಡುಸೂಜಿಗಳು. ಕೂರುವಂತಿಲ್ಲ, ಬಗ್ಗುವಂತಿಲ್ಲ. ಮೇಣದ ಬೊಂಬೆಯಂತೆ ನಿಂತ. ಅವನದು ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ಈ ವಿಷಯದಲ್ಲಿ ಅವನು ಹಿರಿಯ.

ಟೈಲರ್: ಗುರುವೇ, ನೀವಾದ್ರೂ ಹೇಳಿ. ದಿನಾ ಇಂಜೆಕ್ಷನ್ ಚುಚ್ಕೊಂಡು ಮನುಷ್ಯ ಬದುಕೋಕಾಗುತ್ತಾ?

ಡ್ರೈವರ್: ನಾನು ದಿನಾ ಎರಡು ಸಲ ಚುಚ್ಕೋತೀನಿ. ಬದುಕಿದೀನಿ ಅಂತಲೇ ಅಂದ್ಕೊಂಡಿದೀನಿ. ಈಗ ನಿಮ್ಮ ಪ್ಯಾಂಟಲ್ಲಿ ಚುಚ್ತಿರೋ ಗುಂಡುಸೂಜಿ ಅದರ ಹತ್ತರಷ್ಟು ನೋವು.

ಹೆಂಡತಿ: ಅಣ್ಣ, ಇವರು ಗೆರೆ ಎಳೆದು ಊಟ ಮಾಡ್ತಾರಂತೆ. ಮಧ್ಯಾಹ್ನ ಗಿರಾಕಿ ಬರ್ತಾರೆ ಅಂತ ಇಲ್ಲೇ ಅಂಗಡೀಲಿ ಕೂತು ಊಟ. ನಾನು ಮೂರು ಪಾತ್ರೆ ತಂದಿಟ್ಟು ಬಟ್ಟೆ ಒಣಹಾಕೋಕೆ ಹೋಗ್ತೀನಿ. ಬಡಿಸ್ಕೊಳ್ಳೋದು ಇವರೇ. ಈಗ ನಮ್ಮಿಬ್ಬರ ಮುಂದೆ ಬಡಿಸ್ಲಿ, ನೋಡೋಣ.

ಟೈಲರ್: ಅಷ್ಟೇನಾ? ತಗೊಂಡು ಬಾ ತಟ್ಟೆ! ನಾನೇನು ಕದ್ದು ತಿಂತೀನಾ?

ತಟ್ಟೆ ಬಂತು. ಮಿಕ್ಕಿದ್ದ ಅನ್ನದ ಪಾತ್ರೆಯೂ ಬಂತು. ಟೈಲರ್ ಕನ್ನಡಕ ಒರೆಸಿಕೊಂಡ, ಕೊರಳಿಂದ ಟೇಪು ತೆಗೆದ, ತಟ್ಟೆಯ ಅಡ್ಡಳತೆ ನೋಡಿದ, ಆಮೇಲೆ ನೀಲಿ ಸೀಮೆಸುಣ್ಣ ಕೈಗೆತ್ತಿಕೊಂಡು ತಟ್ಟೆಯ ಅಂಚಿನ ಮೇಲೆ ಟಿಕ್, ಟಿಕ್ ಅಂತ ಗುರುತು ಹಾಕಿದ.

ಹೆಂಡತಿ: ಓಹೋ! ದಿನಾ ತಟ್ಟೆ ಅಂಚಲ್ಲಿ ನೀಲಿ ಪುಡಿ ಯಾಕೆ ಅಂತ ನಾನು ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ. ಸಾಬೂನು ಬೇರೆ ಬದಲಾಯಿಸಿದೆ!

ಟೈಲರ್: ತೊಳೆದ್ರೆ ಹೋಗುತ್ತೆ. ಮಾರನೇ ದಿನ ಮತ್ತೆ ಹಾಕ್ತೀನಿ. ಒಂದು ದಿನ, ಒಂದೇ ಒಂದು ದಿನ ತಪ್ಪಿಸಿದೀನಾ ಕೇಳು. ನೋಡಿ ಗುರುವೇ, ಇಲ್ಲಿಂದ ಇಲ್ಲಿಗೆ ಕಾಲು ಭಾಗ. ಸರೀನಾ?

ಡ್ರೈವರ್: ಸರಿ.

ಟೈಲರ್: ಇದು ಚಾರ್ಟಲ್ಲಿರೋ ಗೆರೆ. ಅಂದ್ರೆ ಹೊಲಿಯೋ ಗೆರೆ. ಇದಕ್ಕೆ ಈ ಕಡೆ ಅರ್ಧ ಇಂಚು, ಆ ಕಡೆ ಅರ್ಧ ಇಂಚು...

ಹೆಂಡತಿ: ತಡೀರಿ. ಆ ಅರ್ಧ ಇಂಚು ಏನು?

ಟೈಲರ್: ಮಾರ್ಜಿನ್ನು.

ಹೆಂಡತಿ: ಯಾವುದಕ್ಕೆ?

ಟೈಲರ್: ಅನ್ನಕ್ಕೆ.

ಅವಳು ತಟ್ಟೆಯ ಗೆರೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು.

ಟೈಲರ್: ಯಾಕೆ ಹಾಗೆ ನೋಡ್ತೀಯ? ಕೊಟ್ಟ ಅಳತೆಗೆ ಕರಾರುವಾಕ್ಕಾಗಿ ಕತ್ತರಿ ಹಾಕೋನು ಟೈಲರೇ ಅಲ್ಲ. ಹೊಲಿಗೆಗೆ ಅಂತ ಸುತ್ತಲೂ ಬಟ್ಟೆ ಬಿಡ್ಬೇಕು. ಕೆಳಗೆ ಅಂಚು ಮಡಚೋಕೆ ಇನ್ನೊಂದು ಇಂಚು. ಅದರಲ್ಲೂ ಅನ್ನ ಕಾಟನ್ ಜಾತಿ ಕಣೇ, ಆರಿದ ಮೇಲೆ ಕುಗ್ಗುತ್ತೆ. ಅದಕ್ಕೆ ಒಂದು ಸೌಟು ಬೇರೆ.

ಹೆಂಡತಿ: ತರಕಾರಿಗೆ ಎಷ್ಟು ಬಿಟ್ಟಿದೀರ ಮಾರ್ಜಿನ್ನು?

ಟೈಲರ್: ತರಕಾರಿಗೆ ಬೇಡ. ಸೊಪ್ಪು, ಹುರುಳಿಕಾಯಿ ಎಲ್ಲಾ ಎಳೆದ್ರೆ ಹಿಗ್ಗೋ ಬಟ್ಟೆ. ಒಂದು ಹಿಡಿ ಹಾಕಿ ಹರಡಿದ್ರೆ ಅರ್ಧ ತಟ್ಟೆ ತಾನಾಗೇ ತುಂಬುತ್ತೆ.

ಅವನು ಬಡಿಸಿ ಮುಗಿಸಿದ. ಅನ್ನ ತನ್ನ ಗೆರೆ ದಾಟಿ, ಬೇಳೆಯ ಜಾಗ ನುಂಗಿ, ತರಕಾರಿಯ ಬೇಲಿ ಹಾರಿ, ನಡುವೆ ಗುಡ್ಡವಾಗಿ ಎದ್ದು ನಿಂತಿತ್ತು.

ಡ್ರೈವರ್: ಮಾಸ್ಟ್ರೇ, ಇದು ಕಾಲು ತಟ್ಟೆ ಅಲ್ಲ. ರೋಡ್ ಹಂಪು. ನಮ್ಮ ಬಸ್ಸೇ ಇದರ ಮೇಲೆ ಹತ್ತಲ್ಲ.

ಟೈಲರ್: ಚಾರ್ಟಲ್ಲಿರೋ ತಟ್ಟೆ ಚಿತ್ರದಲ್ಲಿ ಉದ್ದ ಇದೆ, ಅಗಲ ಇದೆ. ಎತ್ತರ ಎಲ್ಲಿ ಬರೆದಿದಾರೆ, ತೋರಿಸಿ! ಬರೀದೇ ಇರೋ ಅಳತೆಗೆ ಟೈಲರ್ ಜವಾಬ್ದಾರನಾ?

ಹೆಂಡತಿ: ಇರಲಿ. ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ಹೋಗ್ತೀರಲ್ಲ, ಅದೇನು?

ಟೈಲರ್: ಅದು ಟ್ರಯಲ್ಲು.

ಹೆಂಡತಿ: ಟ್ರಯಲ್ಲು!

ಟೈಲರ್: ಟ್ರಯಲ್ ನೋಡದೆ ಯಾರಾದ್ರೂ ಡೆಲಿವರಿ ತಗೋತಾರಾ? ಉಪ್ಪು ಸರಿಯಿದೆಯಾ, ಬೆಂದಿದೆಯಾ, ಒಂದು ಚಿಕ್ಕ ಬಟ್ಟಲಲ್ಲಿ ನೋಡ್ತೀನಿ. ಟ್ರಯಲ್ಲು ಊಟದ ಲೆಕ್ಕಕ್ಕೆ ಬರಲ್ಲ. ಈ ಡ್ರೈವರ್ರು ಈಗ ಟ್ರಯಲ್ ಪ್ಯಾಂಟು ಹಾಕಿದಾರೆ. ಅಂದ್ರೆ ಪ್ಯಾಂಟು ಹಾಕ್ಕೊಂಡಿದಾರೆ ಅಂತ ಅರ್ಥನಾ?

ಡ್ರೈವರ್: ಹಾಕ್ಕೊಂಡಿಲ್ಲ ಅಂತ ಮಾತ್ರ ಹೇಳ್ಬೇಡಿ ಮಾಸ್ಟ್ರೇ. ಅಕ್ಕ ಇಲ್ಲೇ ನಿಂತಿದಾರೆ.

ಅವಳಿಗೆ ನಗು ಗಂಟಲ ತನಕ ಬಂತು. ಬಂದದ್ದು ಅಲ್ಲೇ ನಿಂತಿತು. ಮೋಸ ಮಾಡಿದ್ದರೆ ಬೈದು ಬಿಡಬಹುದಿತ್ತು. ಈ ಮನುಷ್ಯ ಮೂರು ತಿಂಗಳು ಶ್ರದ್ಧೆಯಿಂದ, ಟೇಪು ಹಿಡಿದು, ಸೀಮೆಸುಣ್ಣ ಹಾಕಿ, ತಪ್ಪು ಮಾಡಿದ್ದ. ಇಂಥವನನ್ನು ಯಾವ ಬಾಯಲ್ಲಿ ಬೈಯುವುದು?

ಹೆಂಡತಿ: ನೋಡಿ, ನನಗೆ ಆ ಅಂಕಿ ಕಟ್ಕೊಂಡು ಆಗ್ಬೇಕಾದ್ದೇನೂ ಇಲ್ಲ. ನನಗೆ ನಿಮ್ಮ ಕಣ್ಣು ಬೇಕು. ದಾರ ಪೋಣಿಸೋಕೆ ನನ್ನ ಯಾಕೆ ಕರೀತೀರ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ?

ಟೈಲರ್ ತಟ್ಟೆಯನ್ನು ನೋಡುತ್ತ ಕುಳಿತ. ಸೀಮೆಸುಣ್ಣವನ್ನು ಬೆರಳುಗಳ ನಡುವೆ ಒಂದು ಸುತ್ತು, ಎರಡು ಸುತ್ತು ತಿರುಗಿಸಿದ. ಸಿಕ್ಕಿಬಿದ್ದ ಗಂಡಸಿಗೆ ಇರುವುದು ಎರಡೇ ದಾರಿ: ತಪ್ಪಾಯಿತು ಅನ್ನುವುದು, ಇಲ್ಲವೇ ತಿರುಗಿ ಬೀಳುವುದು. ಅವನು ಯೋಚಿಸದೆ ಎರಡನೆಯದನ್ನು ಹಿಡಿದ.

ಟೈಲರ್: ಎಲ್ಲಾ ಸರಿ, ಆದ್ರೆ ಮಾರ್ಜಿನ್ನನ್ನ ಹಳೀಬೇಡ. ನಾನು ಮಾರ್ಜಿನ್ ಬಿಟ್ಟಿದ್ದಕ್ಕೇ ನಿನ್ನ ಮಾನ ಉಳಿದಿರೋದು.

ಹೆಂಡತಿ: ಏನಂದ್ರಿ?

ಟೈಲರ್: ಏನಿಲ್ಲ.

ಹೆಂಡತಿ: ನನ್ನ ಮಾನ ಅಂದ್ರಿ.

ಟೈಲರ್: ಮಷೀನು ಅಂದೆ. ಮಷೀನು ಕೆಟ್ಟಿದೆ ಅಂದೆ.

ಹೆಂಡತಿ: ರೀ!

ಡ್ರೈವರ್: ನಾನು ಒಳಗೆ ಹೋಗಿ ನಿಲ್ತೀನಿ.

ಹೆಂಡತಿ: ನೀವು ಅಲ್ಲೇ ಇರಿ ಅಣ್ಣ. ಇವರು ಹೇಳ್ಲಿ.

ಟೈಲರ್: ನಿನ್ನ ರವಿಕೆ... ಇಸ್ತ್ರಿ ಮಾಡ್ತೀನಿ ಕೊಡು ಅಂತ ಆಗಾಗ ಈಸ್ಕೋತಿದ್ದೆ ನೋಡು... ಬರೀ ಇಸ್ತ್ರಿ ಮಾಡ್ತಿರಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡ್ತಿದ್ದೆ.

ಹೆಂಡತಿ: ಸ್ವಲ್ಪ ಅಂದ್ರೆ?

ಟೈಲರ್: ಮೂರು ತಿಂಗಳಲ್ಲಿ ಎರಡೂವರೆ ಇಂಚು.

ಅವಳು ತನ್ನ ಸೊಂಟವನ್ನೊಮ್ಮೆ ಮುಟ್ಟಿ ನೋಡಿಕೊಂಡಳು, ಯಾರದೋ ಸಾಮಾನು ತನ್ನ ಮನೆಯಲ್ಲಿ ಸಿಕ್ಕ ಹಾಗೆ. ಅಕ್ಕಪಕ್ಕದ ಹೆಂಗಸರಿಗೆಲ್ಲ ಅವಳು ಹೇಳಿಕೊಂಡು ತಿರುಗುತ್ತಿದ್ದುದೇ ಅದು: ನೋಡಿ, ಹತ್ತು ವರ್ಷದ ಹಿಂದಿನ ರವಿಕೆ, ಇವತ್ತಿಗೂ ಹೊಂದುತ್ತೆ!

ಹೆಂಡತಿ: ಒಂದು ಮಾತು ಹೇಳೋಕೆ ನಿಮಗೆ ಏನಾಗಿತ್ತು?

ಟೈಲರ್: ನೀವು ದಪ್ಪ ಆಗಿದೀರ ಅಂತ ಯಾವ ಟೈಲರ್ ಗಿರಾಕಿಗೆ ಹೇಳ್ತಾನೆ?

ಹೆಂಡತಿ: ನಾನು ಗಿರಾಕಿನಾ?

ಟೈಲರ್: ಮೂವತ್ತು ವರ್ಷದ ಕಾಯಂ ಗಿರಾಕಿ. ಕಳ್ಕೊಳ್ಳೋಕೆ ಇಷ್ಟ ಇರಲಿಲ್ಲ.

ಡ್ರೈವರ್: ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಇವರಿಗೆ ಬೇಡ ಅಂತ ಕಡಿಮೆ ಮಾಡಿದ್ದೆಲ್ಲ ಎಲ್ಲಿಗೆ ಹೋಗ್ತಿದೆ?

ಹೆಂಡತಿ: ಎಲ್ಲಿಗೆ ಹೋಗುತ್ತೆ? ಮೊದಲು ನಾಲ್ಕು ಬ್ರೆಡ್ ತಿಂತಿದ್ರು, ಈಗ ಎರಡು. ಮಿಕ್ಕ ಎರಡನ್ನ ಬಿಸಾಡೋಕಾಗುತ್ತಾ? ಅನ್ನ ಮಿಗುತ್ತೆ, ಸಂಜೆಗೆ ಕೆಟ್ಟುಹೋಗುತ್ತಲ್ಲ ಅಂತ...

ಟೈಲರ್: ಬಿಸ್ಕತ್ತು ಡಬ್ಬಿ?

ಹೆಂಡತಿ: ಅದನ್ನ ನಿಮ್ಮ ಕೈಗೆ ಸಿಗಬಾರದು ಅಂತ ಖಾಲಿ ಮಾಡಿದೆ.

ಟೈಲರ್: ನನ್ನ ಕಾಪಾಡೋಕೆ ಖಾಲಿ ಮಾಡಿದೆ, ಒಪ್ದೆ. ಮತ್ತೆ ತುಂಬಿಸಿದ್ದು ಯಾರನ್ನ ಕಾಪಾಡೋಕೆ?

ಹೆಂಡತಿ: ಯಾರಾದ್ರೂ ಬಂದ್ರೆ ಇರಲಿ ಅಂತ.

ಟೈಲರ್: ಯಾರು ಬಂದ್ರು?

ಅವಳು ಮೂಲೆಯಲ್ಲಿದ್ದ ನೀರಿನ ಜಗ್ಗು ಎತ್ತಿ ಗಟಗಟ ಕುಡಿದಳು. ಡ್ರೈವರನ ಹುಬ್ಬು ಮೇಲೇರಿತು.

ಡ್ರೈವರ್: ನಾನು ಒಳಗೆ ಪ್ಯಾಂಟು ಹಾಕ್ಕೊಳ್ಳೋಷ್ಟರಲ್ಲಿ ಆ ಜಗ್ಗು ಮೂರು ಸಲ ಎತ್ತಿ ಇಟ್ಟ ಸದ್ದು ಕೇಳಿಸ್ತು. ಅಕ್ಕ, ನಿಮ್ಮದು ಯಾವತ್ತಾದ್ರೂ ನೋಡ್ಸಿದೀರಾ?

ಹೆಂಡತಿ: ನಂದೇನು ನೋಡ್ಸೋದು? ಕಾಯಿಲೆ ಇರೋದು ಇವರಿಗೆ.

ಟೈಲರ್: ಕೈ ಕೊಡು.

ಹೆಂಡತಿ: ಅಡುಗೆಮನೇಲಿ ಹಾಲು ಇಟ್ಟಿದೀನಿ.

ಟೈಲರ್: ಹಾಲು ಇಲ್ಲ, ಏನೂ ಇಲ್ಲ. ಕೈ ಕೊಡು ಅಂದೆ.

ಮೂರು ತಿಂಗಳು ದಿನಾ ಅವನ ಬೆರಳು ಚುಚ್ಚಿದ್ದು ಅವಳು. ಪ್ರತಿ ಸಲವೂ ಅವನು ಗೋಡೆಯ ಕಡೆ ಮುಖ ತಿರುಗಿಸಿ ಹಲ್ಲು ಕಚ್ಚಿದ್ದ. ಈಗ ಹೊಸ ಸೂಜಿ ಹಾಕಿ, ಅವಳ ಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದ.

ಹೆಂಡತಿ: ಚುಚ್ಚಿ ಬೇಗ! ಏನು ಕಾಯ್ತಿದೀರ?

ಟೈಲರ್: ಆಗಲೇ ಆಯ್ತು.

ಪುಟ್ಟ ಮಷೀನು ಐದರಿಂದ ಹಿಂದಕ್ಕೆ ಎಣಿಸಿತು. ಟೈಲರ್ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ಡ್ರೈವರನ ಕೈಗೆ ಕೊಟ್ಟ.

ಡ್ರೈವರ್: ಇನ್ನೂರ ಹತ್ತೊಂಬತ್ತು.

ಹೆಂಡತಿ: ಮಷೀನು ಕೆಟ್ಟಿದೆ.

ಆ ಮಾತು ಬಾಯಿಂದ ಬಿದ್ದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕಿದ್ದು ಅವಳೇ. ನಗುತ್ತ ನಗುತ್ತ ಸೆರಗಿಗೂ ಕೈ ಹೋಯಿತು, ಕಣ್ಣಿಗೂ ಹೋಯಿತು. ಟೈಲರ್ ಮಾತ್ರ ನಗಲಿಲ್ಲ. ತನ್ನ ಅಂಕಿ ಇನ್ನೂರ ಮೂವತ್ತೆಂಟು ಅಂದಾಗ ಇಲ್ಲದ ಹೆದರಿಕೆ ಅವನ ಮುಖದ ಮೇಲಿತ್ತು.

ಡ್ರೈವರ್: ಇದೊಂದು ಅಂಕಿ ಇಟ್ಕೊಂಡು ನಾವೇ ತೀರ್ಪು ಕೊಡೋದು ಬೇಡ. ನಾಳೆ ಲ್ಯಾಬಿಗೆ ಹೋಗಿ ರಕ್ತ ಕೊಡಿ. ಆಮೇಲೆ ಡಾಕ್ಟ್ರು ಹೇಳ್ಲಿ. ಈಗ ಯಾರಾದ್ರೂ ನನ್ನ ಈ ಗುಂಡುಸೂಜಿ ತೆಗೀರಪ್ಪ, ನಾಲ್ಕೂವರೆಗೆ ನನ್ನ ಬಸ್ಸಿದೆ.

ಡ್ರೈವರ್ ಹೋದ ಮೇಲೆ ಟೈಲರ್ ಎದ್ದು ನೇರ ಅಡುಗೆಮನೆಗೆ ನಡೆದ. ಹಿಂದೆಯೇ ಅವಳು. ಈ ಸಲ ಅವನು ಮುಚ್ಚಳ ತೆಗೆಯಲಿಲ್ಲ. ಅನ್ನದ ಪಾತ್ರೆಗೆ ಟೇಪು ಹಿಡಿದ.

ಟೈಲರ್: ಇದಕ್ಕೆ ಎಷ್ಟು ಲೋಟ ಅಕ್ಕಿ ಹಾಕ್ತೀಯ?

ಹೆಂಡತಿ: ಯಾವಾಗ್ಲೂ ಹಾಕೋಷ್ಟು. ನಾಲ್ಕು.

ಟೈಲರ್: ಯಾವಾಗಿನಿಂದ ನಾಲ್ಕು?

ಹೆಂಡತಿ: ಮಕ್ಕಳು ಸ್ಕೂಲಿಗೆ ಹೋಗ್ತಿದ್ದಾಗಿನಿಂದ.

ಟೈಲರ್: ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಎರಡು ಬೀದಿ ಆಚೆ ಅವರವರ ಮನೇಲಿ ಅಡುಗೆ ಮಾಡ್ಕೊಂಡು ಆರು ವರ್ಷ ಆಯ್ತು. ಲೇ, ನನ್ನ ಮಾರ್ಜಿನ್ನನ್ನ ಹಳಿದೆಯಲ್ಲ, ನೀನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಆರು ವರ್ಷದ ಹಿಂದಿನ ಅಳತೆ ಇಟ್ಕೊಂಡು ಇವತ್ತು ಬಟ್ಟೆ ಕತ್ತರಿಸ್ತಿದೀಯ! ಬರೀ ತಟ್ಟೇಲಿ ಗೆರೆ ಎಳೆದ್ರೆ ಏನು ಬಂತು? ಪಾತ್ರೇಲಿದ್ದದ್ದು ಯಾರದಾದ್ರೂ ಹೊಟ್ಟೆಗೆ ಹೋಗಲೇಬೇಕಲ್ಲ. ನನ್ನದಲ್ಲದಿದ್ರೆ ನಿನ್ನದು.

ಹೆಂಡತಿ: ಒಂದೂವರೆ ಲೋಟ ಹಾಕಿದ್ರೆ ಪಾತ್ರೆ ತಳದಲ್ಲಿ ಕಾಣಿಸೋದೂ ಇಲ್ಲ ರೀ. ನೋಡೋಕೆ ಬಡತನದ ಥರ ಇರುತ್ತೆ.

ಟೈಲರ್: ಅದಕ್ಕೇ ಪಾತ್ರೆ ಬದಲಾಯಿಸೋಣ. ಚಿಕ್ಕ ಪಾತ್ರೇಲಿ ಸ್ವಲ್ಪ ಅನ್ನಾನೂ ಶ್ರೀಮಂತನ ಥರ ಕೂತಿರುತ್ತೆ.

ಆ ದೊಡ್ಡ ಪಾತ್ರೆ ಅಟ್ಟ ಸೇರಿತು. ಲ್ಯಾಬಿನ ಚೀಟಿಯೂ ಪುಟ್ಟ ಮಷೀನಿನ ಮಾತನ್ನೇ ಹೇಳಿತು. ಡಾಕ್ಟರಮ್ಮ ಅವಳಿಗೂ ಮಾತ್ರೆ ಬರೆದುಕೊಟ್ಟು, ಇಬ್ಬರೂ ಕಣ್ಣು ತೋರಿಸಿಕೊಂಡು ಬನ್ನಿ ಎಂದು ಕಳಿಸಿದರು. ಆಮೇಲಿನ ಎರಡು ವಾರ ಆ ಮನೆಯಲ್ಲಿ ನಡೆದದ್ದನ್ನು ಊಟ ಅನ್ನುವುದಕ್ಕಿಂತ ಗಡಿ ಕಾವಲು ಅನ್ನಬಹುದು. ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಎದುರುಬದುರು ಕೂರುತ್ತಿದ್ದರು. ಮೊದಲು ತರಕಾರಿ, ಕಣ್ಣಿಗೆ ಕಾಣುವಷ್ಟು ರಾಶಿ. ಅದು ಮುಗಿದ ಮೇಲೆ ಬೇಳೆ. ಅನ್ನ ಕೊನೆಗೆ, ಚಪ್ಪಟೆಯಾಗಿ. ಅವಳು ಅವನ ತಟ್ಟೆಯ ಎತ್ತರ ನೋಡುತ್ತಿದ್ದಳು, ಅವನು ಅವಳ ತಟ್ಟೆಯ ಅಗಲ. "ಅದೇನು ಆ ಕಡೆ ಕೈ?" "ಉಪ್ಪು ತಗೊಂಡೆ." "ಉಪ್ಪಿಗೆ ಅಷ್ಟು ದೊಡ್ಡ ಕೈ ಯಾಕೆ?" ಊಟವಾದ ಮೇಲೆ ಬಸ್ ನಿಲ್ದಾಣದ ತನಕ ನಡೆದು ಬರುವಾಗಲೂ ಬಾಯಿಗೆ ಬಿಡುವಿಲ್ಲ. ಬೇಕರಿಯ ಮುಂದೆ ಬಂದಾಗ ಮಾತ್ರ ಇಬ್ಬರೂ ಮೌನ, ಇಬ್ಬರೂ ಜೋರು ಹೆಜ್ಜೆ.

ಹದಿನೈದನೇ ದಿನ ಡಾಕ್ಟರಮ್ಮನ ಕೋಣೆ. ಮೇಜಿನ ಮೇಲೆ ದಿನದ ಅಂಕಿ ಬರೆದಿಟ್ಟ ಎರಡು ಪುಸ್ತಕ, ಎರಡು ಚೀಟಿ.

ಡಾಕ್ಟರ್: ಪರವಾಗಿಲ್ವೇ! ಮಾಸ್ಟರ್‌ದು ನೂರ ಅರವತ್ತೆಂಟು, ನೂರ ಎಪ್ಪತ್ತೆರಡು... ಸದ್ಯಕ್ಕೆ ಇಂಜೆಕ್ಷನ್ ಬೇಡ. ಕಣ್ಣಿನ ಡಾಕ್ಟ್ರೂ ಬರೆದಿದಾರೆ, ಒಳಗೆ ಏನೂ ತೊಂದರೆ ಆಗಿಲ್ಲ, ಹತ್ತಿರದ್ದು ನೋಡೋಕೆ ಹೊಸ ಕನ್ನಡಕ ಸಾಕು ಅಂತ. ಆರು ವರ್ಷದಿಂದ ಕನ್ನಡಕ ಬದಲಾಯಿಸಿಲ್ಲವಂತೆ?

ಹೆಂಡತಿ ಉಸಿರು ಬಿಟ್ಟಳು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ ಏನೋ, ಮೇಜಿನ ಮೇಲಿನ ಚೀಟಿ ಅಲುಗಿತು.

ಡಾಕ್ಟರ್: ಅಮ್ಮನದೂ ಇಳೀತಾ ಇದೆ. ಹೀಗೇ ಹೋಗ್ಲಿ. ಅಂದಹಾಗೆ, ಮನೇಲಿ ಈ ಊಟದ ಕಟ್ಟುನಿಟ್ಟೆಲ್ಲ ನೋಡ್ಕೊಳ್ಳೋರು ಯಾರು?

ಟೈಲರ್: ನಾನೇ.

ಹೆಂಡತಿ: ನಾನೇ.

ಎರಡೂ ಒಂದೇ ಉಸಿರಲ್ಲಿ ಬಂದವು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, ಹಿಂದಕ್ಕೆ ಒರಗಿ, ಪುಸ್ತಕದ ಕಡೆ ಬೆರಳು ತೋರಿಸಿದರು.

ಡಾಕ್ಟರ್: ಸಂತೋಷ. ಹಾಗಾದ್ರೆ ಮೊನ್ನೆ ಭಾನುವಾರ ಇಬ್ಬರದೂ ಒಟ್ಟಿಗೇ ಇನ್ನೂರು ದಾಟಿದೆಯಲ್ಲ. ಅವತ್ತು ನಿಮ್ಮಿಬ್ಬರನ್ನೂ ಬೇಕರಿ ಮುಂದೆ ನೋಡಿದೆ. ಒಳಗೆ ಹೋಗೋಣ ಅಂತ ಮೊದಲು ಹೇಳಿದ್ದು ಯಾರು?

ಚುಚ್ಚಿಸಿಕೊಂಡ ಬೆರಳೆರಡು ಒಟ್ಟಿಗೆ ಮೇಲೆದ್ದವು. ಗಂಡನದು ಹೆಂಡತಿಯ ಕಡೆ, ಹೆಂಡತಿಯದು ಗಂಡನ ಕಡೆ.